ನಾಯಿಗೆ ಅಲರ್ಜಿಯಾದಾಗ ಮನೆಯಲ್ಲಿರುವ ಮಾತ್ರೆ ಕೊಡಬಹುದೇ?

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ನಾಯಿಯಿಲ್ಲದ ಹೊಲಮನೆ ಅಪರೂಪ. ಹೊಗೆಸೊಪ್ಪು ಹದಮಾಡುವ ದಿನಗಳಲ್ಲಿ ಬ್ಯಾರನ್ನಿನ ಒಲೆಗೆ ಸೌದೆ ಹಾಕುತ್ತ ರಾತ್ರಿಯಿಡೀ ಎಚ್ಚರವಿರುವ ರೈತನಿಗೆ ಜೊತೆಯಾಗಿರುವುದು ನಾಯಿ. ನಾಗರಹೊಳೆಯ ಕಾಡಂಚಿನ ಊರುಗಳಲ್ಲಿ ಮುಸುಕಿನ ಜೋಳಕ್ಕೆ ಕಾಡುಹಂದಿ ನುಗ್ಗಿದರೆ, ಬಾಳೆ ತೋಟದ ಕಡೆಗೆ ಆನೆ ತಿರುಗಿದರೆ ಮೊದಲು ತಿಳಿಸುವುದೂ ಅದೇ. ಕೃಷ್ಣರಾಜನಗರದ ನಾಲಾ ಬಯಲಿನಲ್ಲಿ ಭತ್ತದ ಕಣ ಕಾಯುವುದೂ ಅದೇ. ದನಕ್ಕೆ ಕಾಯಿಲೆಯಾದರೆ ಓಡುವ ರೈತ ನಾಯಿಯ ಕಾಯಿಲೆಗೆ ಅಷ್ಟು ಗಮನ ಕೊಡುವುದಿಲ್ಲವೆಂಬ ಮಾತು ಹಿಂದೆ ಇತ್ತು. ಈಗ ಹಾಗಿಲ್ಲ. ಪಶು ಆಸ್ಪತ್ರೆಗೆ ನಾಯಿ ಹಿಡಿದುಕೊಂಡು ಬರುವ ರೈತರನ್ನು ಈಗ ಎಲ್ಲ ಕಡೆಯೂ ಕಾಣಬಹುದು.

ತೊಂದರೆ ಬರುವುದು ರಾತ್ರಿಯ ಹೊತ್ತು. ಸಂಜೆ ಎಂಟಕ್ಕೆ ನಾಯಿಯ ಮುಖ ಊದಿಕೊಂಡಿದೆ, ಇಲ್ಲವೆ ಮೈಯೆಲ್ಲ ಕೆರೆದುಕೊಂಡು ರಕ್ತ ಬರಿಸಿಕೊಂಡಿದೆ ಎನ್ನೋಣ. ತಾಲ್ಲೂಕು ಕೇಂದ್ರ ಇಪ್ಪತ್ತು ಮೈಲಿ ದೂರ, ಆಸ್ಪತ್ರೆ ಮುಚ್ಚಿರುತ್ತದೆ. ಗೂಡಿನಲ್ಲಿ ಮನೆಯವರಿಗೆಂದು ತಂದ ಏವಿಲ್ ಅಥವಾ ಸೆಟಿರಿಜಿನ್ ಮಾತ್ರೆಯ ಪಟ್ಟಿ ಇದೆ. ಮನುಷ್ಯರ ತುರಿಕೆಗೆ ಆಗುವುದು ನಾಯಿಗೂ ಆಗಬಾರದೇಕೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಈ ಯೋಚನೆ ಪೂರ್ತಿ ತಪ್ಪಲ್ಲ. ಮನುಷ್ಯರ ಅಲರ್ಜಿ ಔಷಧಿಗಳಲ್ಲಿ ಕೆಲವನ್ನು ಪಶುವೈದ್ಯರೇ ನಾಯಿಗಳಿಗೆ ಬರೆದುಕೊಡುತ್ತಾರೆ. ಆದರೆ ಅದೇ ಗೂಡಿನಲ್ಲಿ, ಅದೇ ಬಣ್ಣದ ಪಟ್ಟಿಯಲ್ಲಿ, ನಾಯಿಯನ್ನು ಕೊಲ್ಲಬಲ್ಲ ಮಾತ್ರೆಯೂ ಇರಬಹುದು. ಎರಡನ್ನೂ ಬೇರ್ಪಡಿಸಿ ನೋಡುವ ಬಗೆಯನ್ನು ರೈತರು ಮತ್ತು ವಿಸ್ತರಣಾ ಕಾರ್ಯಕರ್ತರು ತಿಳಿದಿರುವುದು ಒಳ್ಳೆಯದು.

ಅಲರ್ಜಿ ಎಂದರೇನು?

ದೇಹಕ್ಕೆ ಹೊರಗಿನ ಒಂದು ವಸ್ತು, ಉದಾಹರಣೆಗೆ ಜೇನಿನ ವಿಷ, ಪರಾಗ, ಚಿಗಟದ ಜೊಲ್ಲು ಅಥವಾ ಯಾವುದೋ ಆಹಾರ, ಒಗ್ಗದೆ ಹೋದಾಗ ಚರ್ಮದಲ್ಲಿಯೂ ಕರುಳಿನಲ್ಲಿಯೂ ಇರುವ ಕೆಲವು ಕಣಗಳು ಒಡೆದು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಗೆ ಬಿಡುತ್ತವೆ. ಇದರಿಂದ ರಕ್ತನಾಳಗಳು ಹಿಗ್ಗಿ ನೀರು ಸೋರುತ್ತದೆ, ಚರ್ಮ ದದ್ದು ಕಟ್ಟುತ್ತದೆ, ತುರಿಕೆಯುಂಟಾಗುತ್ತದೆ.

ಈ ವಿಷಯದಲ್ಲಿ ಮನುಷ್ಯ ಮೊದಲ ಪಾಠ ಕಲಿತದ್ದು ನಾಯಿಯಿಂದಲೇ ಎಂಬುದು ಸ್ವಾರಸ್ಯಕರವಾಗಿದೆ. ಫ್ರಾನ್ಸಿನ ಚಾರ್ಲ್ಸ್ ರಿಷೆ ಮತ್ತು ಪೋರ್ತಿಯೇ ಎಂಬ ವಿಜ್ಞಾನಿಗಳು ಒಂದು ಸಮುದ್ರ ಜೀವಿಯ ವಿಷವನ್ನು ನಾಯಿಗಳಿಗೆ ಚುಚ್ಚಿ ಪರೀಕ್ಷಿಸುತ್ತಿದ್ದರು. ಮೊದಲ ಸಲ ಚೆನ್ನಾಗಿಯೇ ತಡೆದುಕೊಂಡ ನಾಯಿಗೆ ಕೆಲವು ವಾರಗಳ ನಂತರ ಅಲ್ಪ ಪ್ರಮಾಣವನ್ನು ಮತ್ತೆ ಚುಚ್ಚಿದಾಗ ಅದು ಅರ್ಧ ಗಂಟೆಯೊಳಗೆ ಸತ್ತುಹೋಯಿತು. 1902ರಲ್ಲಿ ಅವರು ಇದನ್ನು ಪ್ರಕಟಿಸಿ ಅನಾಫಿಲಾಕ್ಸಿಸ್ ಎಂದು ಹೆಸರಿಟ್ಟರು. ರಿಷೆಗೆ 1913ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಹೋದ ವರ್ಷ ಜೇನು ಕಚ್ಚಿದಾಗ ನಾಯಿಗೆ ಏನೂ ಆಗಲಿಲ್ಲ, ಆದ್ದರಿಂದ ಈ ವರ್ಷವೂ ಆಗದು ಎಂದು ನಂಬುವವರು ಈ ಪ್ರಯೋಗವನ್ನು ನೆನಪಿಡತಕ್ಕದ್ದು.

ಹಿಸ್ಟಮಿನ್ನನ್ನು ತಡೆಯುವ ಮೊದಲ ವಸ್ತುವನ್ನು 1937ರಲ್ಲಿ ಡ್ಯಾನಿಯಲ್ ಬೋವೆ ಕಂಡುಹಿಡಿದರು. ಇಂದಿನ ಏವಿಲ್, ಸೆಟಿರಿಜಿನ್ ಮುಂತಾದವು ಅದೇ ವಂಶಕ್ಕೆ ಸೇರಿದವು. ಇವು ಕೆಲಸ ಮಾಡುವ ರೀತಿಯನ್ನು ತೂಬಿಗೆ ಹಲಗೆ ಇಳಿಸುವುದಕ್ಕೆ ಹೋಲಿಸಬಹುದು. ಮುಂದೆ ಬರುವ ನೀರು ನಿಲ್ಲುತ್ತದೆಯೇ ಹೊರತು ಆಗಲೇ ಗದ್ದೆಗೆ ನುಗ್ಗಿದ ನೀರು ಹಿಂದಕ್ಕೆ ಹೋಗುವುದಿಲ್ಲ. ಆದ್ದರಿಂದ ಊತ, ದದ್ದು ಆರಂಭವಾದೊಡನೆ ಕೊಟ್ಟ ಮಾತ್ರೆಗೆ ಇರುವ ಗುಣ, ತಿಂಗಳಿಂದ ಕೆರೆದು ಗಾಯವಾದ ಚರ್ಮಕ್ಕೆ ಕೊಟ್ಟ ಮಾತ್ರೆಗೆ ಇರುವುದಿಲ್ಲ.

ತುರಿಕೆಯೆಲ್ಲ ಅಲರ್ಜಿಯಲ್ಲ

ಹಳ್ಳಿಯ ನಾಯಿಗಳಲ್ಲಿ ಕಾಣುವ ತುರಿಕೆಗೆ ಬಹುಪಾಲು ಕಾರಣ ಉಣ್ಣೆ, ಚಿಗಟ ಮತ್ತು ಕಜ್ಜಿಯ ನುಸಿ. ಬಾಲದ ಬುಡ, ಸೊಂಟದ ಮೇಲ್ಭಾಗದಲ್ಲಿ ಕೂದಲು ಉದುರಿದ್ದರೆ ಚಿಗಟವನ್ನು ಹುಡುಕಬೇಕು. ಬಿಳಿಯ ಬಟ್ಟೆಯ ಮೇಲೆ ನಾಯಿಯನ್ನು ನಿಲ್ಲಿಸಿ ಬಾಚಿದಾಗ ಉದುರುವ ಕಪ್ಪು ಹುಡಿಯನ್ನು ಒದ್ದೆ ಮಾಡಿ ಉಜ್ಜಿದರೆ ಕೆಂಪಗಾಗುತ್ತದೆ. ಅದು ಚಿಗಟ ಹೀರಿ ಹಾಕಿದ ರಕ್ತ. ಕಿವಿಯ ಅಂಚು, ಮೊಣಕೈ, ಹೊಟ್ಟೆಯ ಭಾಗದಲ್ಲಿ ಹೊಪ್ಪಳೆ ಕಟ್ಟಿ ಹಗಲಿರುಳೂ ಕೆರೆಯುತ್ತಿದ್ದರೆ ಅದು ಕಜ್ಜಿಯಿರಬಹುದು. ಅದರ ಜೊತೆಗೆ ಮನೆಯ ಮಕ್ಕಳ ಕೈ, ಹೊಟ್ಟೆಯ ಮೇಲೂ ತುರಿಕೆಯ ಗುಳ್ಳೆಗಳು ಎದ್ದಿದ್ದರೆ ಅನುಮಾನವನ್ನು ಇನ್ನಷ್ಟು ಗಟ್ಟಿಯಾಗಿ ತಿಳಿಯಬೇಕು. ಮರಿಗಳಲ್ಲಿ ಕಣ್ಣಿನ ಸುತ್ತ, ಬಾಯಿಯ ಬಳಿ ತುರಿಕೆಯೇ ಇಲ್ಲದೆ ಕೂದಲು ಹೋಗುವುದು ಇನ್ನೊಂದು ಬಗೆಯ ನುಸಿಯಿಂದ. ಇವು ಯಾವುದಕ್ಕೂ ಅಲರ್ಜಿ ಮಾತ್ರೆ ಮದ್ದಲ್ಲ. ಮಾತ್ರೆ ತಿಂದ ನಾಯಿ ಮಂಪರಿನಲ್ಲಿ ಸ್ವಲ್ಪ ಕಡಿಮೆ ಕೆರೆದೀತು, ನುಸಿ ಮಾತ್ರ ತನ್ನ ಪಾಡಿಗೆ ಹೆಚ್ಚುತ್ತಲೇ ಇರುತ್ತದೆ.

ಬದುಗಳಲ್ಲಿ ಬೆಳೆದಿರುವ ಪಾರ್ಥೇನಿಯಂ ಗಿಡ ಮನುಷ್ಯರಿಗೆ ಚರ್ಮದ ಅಲರ್ಜಿಯುಂಟುಮಾಡುವುದು ಎಲ್ಲರಿಗೂ ತಿಳಿದ ಸಂಗತಿ. ಕೂದಲು ಕಡಿಮೆಯಿರುವ ಹೊಟ್ಟೆ, ತೊಡೆಸಂದು, ಪಾದದ ಬೆರಳುಗಳ ನಡುವೆ ಮಾತ್ರ ನಾಯಿಗೆ ಕೆಂಪು ಗುಳ್ಳೆಗಳೆದ್ದು, ಅದು ಓಡಾಡುವ ಬದುವಿನಲ್ಲಿ ಈ ಕಳೆ ತುಂಬಿದ್ದರೆ, ಕಳೆಯನ್ನು ಹೂ ಬಿಡುವ ಮೊದಲೇ ಕಿತ್ತು ತೆಗೆದು ನೋಡಬಹುದು. ಕಳೆ ತೆಗೆಯುವುದರಿಂದ ಬೆಳೆಗಂತೂ ಲಾಭವೇ.

ಇಲ್ಲಿ ಹೊಗೆಸೊಪ್ಪಿನ ನೀರಿನ ವಿಷಯವನ್ನು ಹೇಳಲೇಬೇಕು. ಉಣ್ಣೆ, ಹೇನು ಹೋಗಲೆಂದು ಸೊಪ್ಪಿನ ಪುಡಿಯನ್ನೋ ಕಡ್ಡಿಯನ್ನೋ ಕುದಿಸಿದ ಕಷಾಯವನ್ನು ದನ ಮತ್ತು ನಾಯಿಯ ಮೈಗೆ ಹಚ್ಚುವ ಪದ್ಧತಿ ಹಳೆಯದು. ವರ್ಜೀನಿಯಾ ಹೊಗೆಸೊಪ್ಪು ಬೆಳೆಯುವ ಈ ತಾಲ್ಲೂಕುಗಳಲ್ಲಿ ಸೊಪ್ಪಿನ ಚೂರಿಗೆ ಬರವಿಲ್ಲ. ಒಣಗಿದ ಸೊಪ್ಪಿನಲ್ಲಿ ಶೇಕಡಾ 2ರಷ್ಟು ನಿಕೋಟಿನ್ ಇದೆಯೆಂದು ಇಟ್ಟುಕೊಂಡರೂ 10 ಗ್ರಾಂ ಸೊಪ್ಪಿನಲ್ಲಿ 200 ಮಿ.ಗ್ರಾಂ. ಇರುತ್ತದೆ. ಹತ್ತು ಕಿಲೋ ತೂಗುವ ನಾಯಿಯ ಪ್ರಾಣ ತೆಗೆಯಲು ಇದರ ಅರ್ಧವೂ ಸಾಕು. ನಿಕೋಟಿನ್ ಚರ್ಮದ ಮೂಲಕ ಒಳಗೆ ಸೇರುತ್ತದೆ. ಕೆರೆದು ಗಾಯವಾದ ಚರ್ಮವಾದರೆ ಇನ್ನೂ ಬೇಗ. ಅದೂ ಸಾಲದೆಂದು ನಾಯಿ ತನ್ನ ಮೈಯನ್ನು ನೆಕ್ಕಿಕೊಳ್ಳುತ್ತದೆ. ಇಬ್ಬನಿಯಲ್ಲಿ ತೊಯ್ದ ಹಸಿ ಸೊಪ್ಪು ಮುರಿಯುವ ಆಳುಗಳಿಗೆ ವಾಂತಿ, ತಲೆಸುತ್ತು ಬರುವುದನ್ನು ಕಂಡಿರುವ ರೈತನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬೆಳೆಗೆ ಸಿಂಪಡಿಸುವ ಕೀಟನಾಶಕಗಳನ್ನು ನೀರಿಗೆ ಬೆರೆಸಿ ನಾಯಿಗೆ ಸ್ನಾನ ಮಾಡಿಸುವುದು, ದನಕ್ಕೆಂದು ತಂದ ಐವರ್ಮೆಕ್ಟಿನ್ ಚುಚ್ಚುಮದ್ದನ್ನು ಕಣ್ಣಳತೆಯಲ್ಲಿ ನಾಯಿಗೆ ಹಾಕುವುದು, ಇವೆರಡೂ ಇದೇ ಜಾತಿಯ ಅಪಾಯಗಳು. ಉಣ್ಣೆ, ಚಿಗಟ, ಕಜ್ಜಿ ಈ ಮೂರಕ್ಕೂ ನಾಯಿಗೆಂದೇ ತಯಾರಾದ, ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ತಿನ್ನಿಸುವ ಗುಳಿಗೆಗಳು ಈಗ ದೊರೆಯುತ್ತವೆ. ಬೆಲೆ ಹೆಚ್ಚೆನಿಸಿದರೂ ಪಶುವೈದ್ಯರನ್ನು ಕೇಳಿ ನೋಡತಕ್ಕದ್ದು.

ಮುಖ ಊದಿದಾಗ

ಹೆಜ್ಜೇನು, ತುಡುವೆ ಜೇನು ಅಥವಾ ಕಡಜವನ್ನು ಕಚ್ಚಲು ಹೋಗಿ ನಾಯಿಗಳು ಮೂತಿಗೆ ಕಚ್ಚಿಸಿಕೊಳ್ಳುವುದು ಸಾಮಾನ್ಯ. ಕೆಲವೇ ನಿಮಿಷಗಳಲ್ಲಿ ತುಟಿ, ಕಣ್ಣಿನ ರೆಪ್ಪೆ ಊದುತ್ತವೆ. ಮೈಮೇಲೆ ಕೂದಲು ಅಲ್ಲಲ್ಲಿ ನಿಮಿರಿ ನಿಂತಂತೆ ದದ್ದುಗಳೇಳುತ್ತವೆ. ನಾಯಿ ಮುಖವನ್ನು ನೆಲಕ್ಕೆ ಉಜ್ಜುತ್ತದೆ, ಆದರೆ ಉಸಿರಾಟ ಸರಿಯಾಗಿರುತ್ತದೆ, ಕರೆದರೆ ಬರುತ್ತದೆ. ಲಸಿಕೆ ಹಾಕಿಸಿದ ದಿನವೂ ಅಪರೂಪಕ್ಕೆ ಹೀಗಾಗುವುದುಂಟು. ಅದಕ್ಕಾಗಿಯೇ ಲಸಿಕೆಯ ನಂತರ ಅರ್ಧ ಗಂಟೆ ಆಸ್ಪತ್ರೆಯ ಬಳಿಯೇ ಇರುವುದು ಮೇಲು. ಹೀಗಾಯಿತೆಂದು ಮುಂದೆ ಲಸಿಕೆಯನ್ನೇ ಹಾಕಿಸದೆ ಬಿಡಬಾರದು. ವೈದ್ಯರಿಗೆ ಮೊದಲೇ ತಿಳಿಸಿದರೆ ಅವರು ತಕ್ಕ ಏರ್ಪಾಟು ಮಾಡಿಕೊಳ್ಳುತ್ತಾರೆ. ಅಲರ್ಜಿ ಮಾತ್ರೆ ನಿಜವಾಗಿ ಉಪಯೋಗಕ್ಕೆ ಬರುವುದು ಈ ಬಗೆಯ ಊತ, ದದ್ದುಗಳಲ್ಲಿ.

ಆದರೆ ಗದ್ದೆಯ ಬದುವಿನಲ್ಲಿ, ಸೌದೆ ರಾಶಿಯ ಬಳಿಯಲ್ಲಿ ನಾಯಿಯ ಮೂತಿಗೆ ಕಚ್ಚುವುದು ಜೇನೊಂದೇ ಅಲ್ಲ. ಕೊಳಕುಮಂಡಲದ ಹಾವು ಕಚ್ಚಿದಾಗಲೂ ಮುಖವೇ ಊದುತ್ತದೆ. ಏಕೆಂದರೆ ನಾಯಿ ಹಾವನ್ನು ಮೂಸಲು ಹೋಗುವುದು ಮೂತಿಯಿಂದಲೇ. ಈ ಎರಡು ಊತಗಳನ್ನು ತಪ್ಪು ತಿಳಿದು ಮಾತ್ರೆ ಕೊಟ್ಟು ಬೆಳಗಾಗಲೆಂದು ಕಾಯುವುದರಿಂದ ನಾಯಿ ಸಾಯುತ್ತದೆ. ವ್ಯತ್ಯಾಸಗಳನ್ನು ಗಮನಿಸಬೇಕು. ಜೇನಿನ ಊತ ಮೆತ್ತಗಿರುತ್ತದೆ, ಸಾಮಾನ್ಯವಾಗಿ ಮುಖದ ಎರಡೂ ಬದಿಗೆ ಹರಡುತ್ತದೆ, ತುರಿಕೆ ಹೆಚ್ಚು, ನೋವು ಕಡಿಮೆ. ಹಾವಿನ ಊತ ಒಂದು ಕಡೆಯಿಂದ ಆರಂಭವಾಗಿ ಗಂಟಲಿನ ಕಡೆಗೆ ಇಳಿಯುತ್ತದೆ, ಮುಟ್ಟಿದರೆ ನಾಯಿ ಚೀರುತ್ತದೆ, ಚರ್ಮ ನೀಲಿ ಅಥವಾ ಕಪ್ಪಗಾಗುತ್ತದೆ, ಹಲ್ಲಿನ ಗಾಯದಿಂದ ನೀರಾದ ರಕ್ತ ನಿಲ್ಲದೆ ಜಿನುಗುತ್ತದೆ. ವಸಡಿನಲ್ಲಿ, ಮೂತ್ರದಲ್ಲಿ ರಕ್ತ ಕಾಣಬಹುದು. ನಾಗರಹಾವು ಅಥವಾ ಕಟ್ಟುಹಾವಾದರೆ ರೆಪ್ಪೆ ಜೋಲುತ್ತದೆ, ಕಾಲು ಸೋಲುತ್ತದೆ, ಉಸಿರು ಕುಂದುತ್ತದೆ. ಇದಕ್ಕೆ ಇರುವ ಮದ್ದು ಪ್ರತಿವಿಷ ಒಂದೇ. ಅನುಮಾನವಿದ್ದರೂ ಹಾವೆಂದೇ ತಿಳಿದು ಹೊರಡಬೇಕು. ನಾಯಿಯನ್ನು ನಡೆಸಬಾರದು, ಎತ್ತಿಕೊಂಡು ಹೋಗಬೇಕು. ಕಚ್ಚಿದ ಜಾಗವನ್ನು ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಸಲ್ಲದು.

ಇನ್ನೊಂದು ಸ್ಥಿತಿ ರಿಷೆ ಕಂಡದ್ದು. ನಾಯಿಗಳಲ್ಲಿ ತೀವ್ರ ಅಲರ್ಜಿಯ ಪೆಟ್ಟು ಮುಖ್ಯವಾಗಿ ಬೀಳುವುದು ಪಿತ್ತಕೋಶ ಮತ್ತು ಕರುಳಿನ ಮೇಲೆ. ಆದ್ದರಿಂದ ಮುಖ ಊದದೆಯೇ, ಜೇನು ಕಚ್ಚಿದ ಕೆಲವೇ ನಿಮಿಷಗಳಲ್ಲಿ, ನಾಯಿ ವಾಂತಿ ಮಾಡಿ, ರಕ್ತ ಬೆರೆತ ಭೇದಿಯಾಗಿ, ವಸಡು ಬಿಳಿಚಿಕೊಂಡು ಕುಸಿಯಬಹುದು. ಆಗ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು ಮತ್ತು ರಕ್ತನಾಳದ ಮೂಲಕ ದ್ರಾವಣ. ನುಂಗುವ ಮಾತ್ರೆ ಹೊಟ್ಟೆಯಲ್ಲಿ ಕರಗಿ ಕೆಲಸ ಮಾಡಲು ಅರ್ಧದಿಂದ ಒಂದು ಗಂಟೆ ಬೇಕು. ಅಷ್ಟು ಹೊತ್ತು ಆ ನಾಯಿಗೆ ಇರುವುದಿಲ್ಲ. ಕುಸಿದ ನಾಯಿಯ ಬಾಯಿಗೆ ನೀರು, ಮಾತ್ರೆ ಹಾಕಿದರೆ ಶ್ವಾಸಕೋಶಕ್ಕೆ ಇಳಿಯುವ ಭಯವೂ ಇದೆ.

ಜೊಲ್ಲು ಸುರಿಸಿ, ಮೈ ಅದುರಿ, ಕಣ್ಣಿನ ಪಾಪೆ ಸಣ್ಣದಾಗಿದ್ದರೆ ಕೀಟನಾಶಕದ ವಿಷವನ್ನು ಶಂಕಿಸಬೇಕು. ಅದು ಅಲರ್ಜಿಯಲ್ಲ.

ಯಾವ ಮಾತ್ರೆ, ಎಷ್ಟು?

ಔಷಧಿಯ ವ್ಯಾಪಾರದ ಹೆಸರನ್ನು ನಂಬಬಾರದು. ಪಟ್ಟಿಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಮೂಲವಸ್ತುವಿನ ಹೆಸರು ಮತ್ತು ಮಿ.ಗ್ರಾಂ. ಲೆಕ್ಕವನ್ನು ಓದಬೇಕು. ಕೀಟನಾಶಕದ ಡಬ್ಬಿಯಲ್ಲಿ ಶೇಕಡಾವಾರು ಮೂಲವಸ್ತುವನ್ನು ನೋಡಿ ಕೊಳ್ಳುವ ಅಭ್ಯಾಸವಿರುವ ರೈತನಿಗೆ ಇದು ಹೊಸದಲ್ಲ. ಕನ್ನಡಕ ಬೇಕಾದೀತು, ಅಷ್ಟೆ.

ಮೂಲವಸ್ತು ಒಂದೇ ಇದ್ದು ಅದು ಸೆಟಿರಿಜಿನ್ ಆಗಿದ್ದರೆ, ಪಶುವೈದ್ಯರು ಸಾಮಾನ್ಯವಾಗಿ ಅನುಸರಿಸುವ ಪ್ರಮಾಣ ನಾಯಿಯ ಪ್ರತಿ ಕಿಲೋ ತೂಕಕ್ಕೆ ಸುಮಾರು 1 ಮಿ.ಗ್ರಾಂ., ದಿನಕ್ಕೆ ಒಂದು ಸಲ. ಮಾತ್ರೆ 10 ಮಿ.ಗ್ರಾಂ.ನದು. ಹತ್ತು ಕಿಲೋ ನಾಯಿಗೆ ಒಂದು, ಹದಿನೈದು ಹದಿನಾರು ಕಿಲೋ ನಾಯಿಗೆ ಒಂದೂವರೆ. ನಾಯಿ ಎಷ್ಟೇ ದೊಡ್ಡದಿದ್ದರೂ ಎರಡಕ್ಕಿಂತ ಹೆಚ್ಚಿಗೆ ಹೋಗಬಾರದು. ಇದರಿಂದ ಮಂಪರು ಕಡಿಮೆ. ಅಂಗಡಿಯಲ್ಲಿ ಸೆಟಿರಿಜಿನ್ ಕೇಳಿದರೆ ಈಗ ಹಲವೆಡೆ ಲಿವೋಸೆಟಿರಿಜಿನ್ ಕೊಡುತ್ತಾರೆ. ಅದು 5 ಮಿ.ಗ್ರಾಂ. ಮಾತ್ರೆ, ಸಾಮರ್ಥ್ಯ ಸೆಟಿರಿಜಿನ್ 10 ಮಿ.ಗ್ರಾಂ.ಗೆ ಸಮ. ಮಿ.ಗ್ರಾಂ. ಸರಿಹೊಂದಿಸಲೆಂದು ಅದನ್ನು ಎರಡೆರಡು ಕೊಟ್ಟರೆ ಪ್ರಮಾಣ ದುಪ್ಪಟ್ಟಾದಂತೆ.

ಕ್ಲೋರ್‌ಫೆನಿರಮಿನ್ ಹಳೆಯ ಕಾಲದ ಮಾತ್ರೆ, 4 ಮಿ.ಗ್ರಾಂ.ನದು. ನಾಯಿಗೆ ಕಿಲೋಗೆ ಸುಮಾರು 0.4 ಮಿ.ಗ್ರಾಂ., ಎಂದರೆ ಹತ್ತು ಕಿಲೋಗೆ ಒಂದು ಮಾತ್ರೆ, ದಿನಕ್ಕೆ ಎರಡು ಸಲ. ಏವಿಲ್‌ನ ಮೂಲವಸ್ತು ಫೆನಿರಮಿನ್ ಇದರ ಅಣ್ಣತಮ್ಮನಿದ್ದಂತೆ, ಆದರೆ ಮಿ.ಗ್ರಾಂ. ಲೆಕ್ಕ ಬೇರೆ. ಏವಿಲ್ ಮಾತ್ರೆ 25 ಮತ್ತು 50 ಮಿ.ಗ್ರಾಂ. ಎಂದು ಎರಡು ಬಗೆಯಲ್ಲಿ ಬರುವುದರಿಂದ ಒಂದರ ಬದಲು ಇನ್ನೊಂದನ್ನು ಕೊಟ್ಟು ಎಡವುವವರೇ ಹೆಚ್ಚು. ಪಶುವೈದ್ಯರು ಇದನ್ನು ಹೆಚ್ಚಾಗಿ ಚುಚ್ಚುಮದ್ದಾಗಿಯೇ ಬಳಸುತ್ತಾರೆ. ಮಾತ್ರೆಯಾಗಿ ಕೊಡಬೇಕೆಂದರೆ ಪ್ರಮಾಣವನ್ನು ಅವರಿಂದಲೇ ಕೇಳಬೇಕು.

ವಿದೇಶದಲ್ಲಿರುವ ಮಕ್ಕಳು ದೂರವಾಣಿಯಲ್ಲಿ ನಾಯಿಗೆ ಬೆನಡ್ರಿಲ್ ಕೊಡಿ ಎಂದು ಹೇಳುವುದುಂಟು. ಅಮೆರಿಕದಲ್ಲಿ ಆ ಹೆಸರಿನಿಂದ ಬರುವುದು ಬರಿಯ ಡೈಫೆನ್‌ಹೈಡ್ರಮಿನ್. ಇಲ್ಲಿನ ಅಂಗಡಿಯ ಬೆನಡ್ರಿಲ್ ಕೆಮ್ಮಿನ ಔಷಧಿ. ಅದರಲ್ಲಿ ಡೈಫೆನ್‌ಹೈಡ್ರಮಿನ್ ಜೊತೆಗೆ ಅಮೋನಿಯಂ ಕ್ಲೋರೈಡ್, ಸೋಡಿಯಂ ಸಿಟ್ರೇಟ್ ಮುಂತಾದವು ಬೆರೆತಿರುತ್ತವೆ. ಹೆಸರೊಂದೇ ಆದರೂ ಮಾಲು ಬೇರೆ. ಕೊಡಬಾರದು.

ಮೇಲಿನ ಪ್ರಮಾಣಗಳು ನಾಯಿಗೆ ಮಾತ್ರ. ಹಸು, ಎಮ್ಮೆ, ಕುರಿ, ಬೆಕ್ಕಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ನಾಯಿಗೂ ಸಹ ಮೊದಲ ಸಲ ಕೊಡುವ ಮುನ್ನ ಪಶುವೈದ್ಯರಿಗೆ ದೂರವಾಣಿ ಮಾಡಿ ಒಪ್ಪಿಗೆ ಪಡೆಯತಕ್ಕದ್ದು. ಅವರಿಗೆ ಆ ನಾಯಿಯ ಹಿಂದಿನ ಕಾಯಿಲೆಯ ಪರಿಚಯವಿರಬಹುದು.

ತೂಕವನ್ನು ಊಹಿಸಬಾರದು. ಹನ್ನೆರಡು ಕಿಲೋ ನಾಯಿಯನ್ನು ಇಪ್ಪತ್ತೆಂದು ಹೇಳುವವರು ಬಹಳ. ಸೊಪ್ಪಿನ ಬೇಲು ತೂಗುವ ಕಾಟಾ ಇರುವ ಮನೆಯಲ್ಲಿ ಇದು ಕಷ್ಟವೂ ಅಲ್ಲ. ನಾಯಿಯನ್ನು ಎತ್ತಿಕೊಂಡು ನಿಂತು ತೂಗಿ, ಆಮೇಲೆ ಒಬ್ಬರೇ ನಿಂತು ತೂಗಿ ಕಳೆದರೆ ನಾಯಿಯ ತೂಕ ಸಿಗುತ್ತದೆ.

ಬೆರಕೆ ಮಾತ್ರೆಗಳು

ಹಳ್ಳಿಯ ಅಂಗಡಿಯಲ್ಲಿ ನೆಗಡಿ, ಅಲರ್ಜಿಗೆಂದು ಮಾರುವ ಮಾತ್ರೆಗಳಲ್ಲಿ ಹೆಚ್ಚಿನವು ಬೆರಕೆಯವು. ಹೆಸರಿನ ಕೊನೆಗೆ ‘ಕೋಲ್ಡ್’, ‘ಪ್ಲಸ್’, ‘ಡಿ’ ಎಂದಿದ್ದರೆ ಎಚ್ಚರವಾಗಿರಬೇಕು. ಒಂದು ಲೆಕ್ಕವನ್ನು ನೋಡೋಣ. ಸಾಮಾನ್ಯ ನೆಗಡಿ ಮಾತ್ರೆಯೊಂದರಲ್ಲಿ ಕ್ಲೋರ್‌ಫೆನಿರಮಿನ್ 2 ಮಿ.ಗ್ರಾಂ., ಪ್ಯಾರಾಸಿಟಮಾಲ್ 500 ಮಿ.ಗ್ರಾಂ., ಜೊತೆಗೆ ಫಿನೈಲೆಫ್ರಿನ್ ಇರುತ್ತವೆ. ಹತ್ತು ಕಿಲೋ ನಾಯಿಗೆ 4 ಮಿ.ಗ್ರಾಂ. ಕ್ಲೋರ್‌ಫೆನಿರಮಿನ್ ಬೇಕೆಂದು ಎರಡು ಮಾತ್ರೆ ತಿನ್ನಿಸಿದರೆ, ಅದರೊಡನೆ 1000 ಮಿ.ಗ್ರಾಂ. ಪ್ಯಾರಾಸಿಟಮಾಲ್ ಒಳಗೆ ಹೋಯಿತು. ಕಿಲೋಗೆ 100 ಮಿ.ಗ್ರಾಂ. ಆಯಿತು. ನಾಯಿಯ ಪಿತ್ತಕೋಶ ಕೆಡುವ ಮಟ್ಟ ಅದೇ. ಅಲರ್ಜಿಯ ಲೆಕ್ಕ ಸರಿಯಾಗಿಯೇ ಇತ್ತು, ನಾಯಿ ಮಾತ್ರ ಉಳಿಯುವುದಿಲ್ಲ. ಬೆಕ್ಕಿಗಂತೂ ಪ್ಯಾರಾಸಿಟಮಾಲ್ ಅರ್ಧ ಮಾತ್ರೆಯೂ ವಿಷ. ಅದರ ರಕ್ತ ಕಂದು ಬಣ್ಣಕ್ಕೆ ತಿರುಗಿ ಉಸಿರು ಕಟ್ಟುತ್ತದೆ.

ಮೂಗು ಕಟ್ಟಿದ್ದಕ್ಕೆ ಕೊಡುವ ಸ್ಯೂಡೋಎಫೆಡ್ರಿನ್ ಇನ್ನೂ ಕ್ರೂರ. ಕಿಲೋಗೆ 5-6 ಮಿ.ಗ್ರಾಂ. ಮುಟ್ಟಿದರೆ ನಾಯಿ ನಿಲ್ಲಲಾರದೆ ಸುತ್ತುತ್ತದೆ, ಎದೆಬಡಿತ ಏರುತ್ತದೆ. 10-12 ಮಿ.ಗ್ರಾಂ. ಆದರೆ ಸಾವು ಸಂಭವಿಸಬಹುದು. ಇದು ಬೆರೆತಿರುವ ಕೆಲವು ಮಾತ್ರೆಗಳಲ್ಲಿ ಒಂದರಲ್ಲಿಯೇ 120 ಮಿ.ಗ್ರಾಂ. ಇರುತ್ತದೆ.

ಮೈಕೈ ನೋವಿನ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತವೆ. ಒಂದು ಪ್ರಾಣಿಗೆ ಹಿತವಾದದ್ದು ಇನ್ನೊಂದಕ್ಕೆ ಮೃತ್ಯುವಾಗುವುದಕ್ಕೆ ಡೈಕ್ಲೋಫೆನಾಕ್‌ಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ದನಗಳಿಗೆ ಕೊಟ್ಟ ಈ ಔಷಧಿ ಅವುಗಳ ಹೆಣವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ದೇಶದಲ್ಲೆಲ್ಲ ಅವುಗಳ ಸಂತತಿಯೇ ಅಳಿಯುವ ಹಂತಕ್ಕೆ ಬಂದಾಗ, 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ನಿಲ್ಲಿಸಲು ಸರ್ಕಾರ ಕ್ರಮ ಕೈಗೊಂಡಿತು.

ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್, ಬೀಟಾಮೆಥಸೋನ್ ಎಂಬ ಸಣ್ಣ ಮಾತ್ರೆಗಳೂ ಅಲರ್ಜಿಗೆಂದು ಮನೆಗಳಲ್ಲಿ ಇರುತ್ತವೆ. ಇವು ಸ್ಟೀರಾಯ್ಡ್‌ಗಳು. ತುರಿಕೆ ಒಂದೇ ದಿನದಲ್ಲಿ ನಿಲ್ಲುವುದರಿಂದ ರೈತರಿಗೆ ಇವುಗಳ ಮೇಲೆ ಮೋಹ ಹೆಚ್ಚು. ನುಸಿಯಿಂದಾದ ಚರ್ಮರೋಗವಿದ್ದರೆ ಇವು ಅದನ್ನು ಮೈತುಂಬ ಹಬ್ಬಿಸುತ್ತವೆ. ನೋವಿನ ಮಾತ್ರೆಯ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುತ್ತದೆ. ಹಲವು ದಿನ ಕೊಟ್ಟು ಒಮ್ಮೆಲೇ ನಿಲ್ಲಿಸಿದರೂ ಅಪಾಯ. ವೈದ್ಯರು ಬರೆದುಕೊಡದೆ ಮುಟ್ಟಬಾರದು.

ಮರಿಗಳಿಗೆ ಮಾತ್ರೆ ಮುರಿಯುವುದು ಕಷ್ಟವೆಂದು ಮಕ್ಕಳ ಸಿರಪ್ಪನ್ನು ಆರಿಸುವುದುಂಟು. ಸೆಟಿರಿಜಿನ್ ಸಿರಪ್ 5 ಮಿ.ಲೀ.ನಲ್ಲಿ 5 ಮಿ.ಗ್ರಾಂ. ಇರುವುದಾದರೆ ನಾಲ್ಕು ಕಿಲೋ ಮರಿಗೆ 4 ಮಿ.ಲೀ. ಸರಿಹೋಗುತ್ತದೆ. ಆದರೆ ಸಕ್ಕರೆಯಿಲ್ಲದ್ದು ಎಂದು ಬರೆದಿರುವ ಸಿರಪ್ಪಿನಲ್ಲಿ ಝೈಲಿಟಾಲ್ ಎಂಬ ಸಿಹಿ ಪದಾರ್ಥ ಇದೆಯೇ ಎಂದು ನೋಡಬೇಕು. ಮನುಷ್ಯರಿಗೆ ನಿರಪಾಯಕಾರಿಯಾದ ಇದು ನಾಯಿಯ ರಕ್ತದ ಸಕ್ಕರೆಯನ್ನು ಒಂದೇ ಗಂಟೆಯೊಳಗೆ ಕುಸಿಯುವಂತೆ ಮಾಡಿ ಸೆಳೆತ ತರಿಸುತ್ತದೆ. ಹಾಲು ಬಿಡದ ಮರಿಗಳಿಗೆ ಯಾವ ಅಲರ್ಜಿ ಮಾತ್ರೆಯೂ ಬೇಡ.

ಕಾಡಂಚಿನವರಿಗೆ ಒಂದು ಮಾತು

ಕ್ಲೋರ್‌ಫೆನಿರಮಿನ್, ಫೆನಿರಮಿನ್ ತಿಂದ ನಾಯಿ ಹಲವು ಗಂಟೆ ತೂಕಡಿಸುತ್ತದೆ. ಊರೊಳಗೆ ಇದೊಂದು ತೊಂದರೆಯಲ್ಲ. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಾಡಂಚಿನಲ್ಲಿ ಹೊಲಮನೆಯ ಅಂಗಳದಲ್ಲಿ ಸರಪಣಿ ಹಾಕಿ ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು. ಎಚ್ಚರವಿರುವ ನಾಯಿಗೆ ವಾಸನೆ ತಿಳಿಯುತ್ತದೆ, ಬೊಗಳಿ ಮನೆಯವರನ್ನು ಎಬ್ಬಿಸುತ್ತದೆ, ಬಾಗಿಲ ಬಳಿಗೆ ಸರಿಯುತ್ತದೆ. ಮಂಪರಿನ ನಾಯಿಗೆ ಇದಾವುದೂ ಆಗದು. ಮಾತ್ರೆ ಕೊಟ್ಟ ರಾತ್ರಿ ಅದನ್ನು ಮನೆಯೊಳಗೆ ಅಥವಾ ಬಾಗಿಲಿರುವ ಕೊಟ್ಟಿಗೆಯಲ್ಲಿ ಮಲಗಿಸಬೇಕು. ಆ ರಾತ್ರಿ ಹೊಲ ಕಾಯಲು ಅದನ್ನು ನಂಬಿ ಅಟ್ಟಣೆಯಲ್ಲಿ ನಿದ್ದೆ ಮಾಡುವುದೂ ಸರಿಯಲ್ಲ. ಆನೆ ಬರುವ ಹಾದಿಯಾದರೆ ಹೇಳಬೇಕಾಗಿಲ್ಲ. ಕೆಲವು ನಾಯಿಗಳು ಈ ಮಾತ್ರೆಗೆ ತದ್ವಿರುದ್ಧವಾಗಿ ನಡೆದುಕೊಳ್ಳುತ್ತವೆ. ನಿದ್ದೆಯಿಲ್ಲದೆ ಚಡಪಡಿಸುತ್ತವೆ, ಅಳುತ್ತವೆ. ಅಂಥ ನಾಯಿಗೆ ಎರಡನೆಯ ಮಾತ್ರೆ ಕೊಡಬಾರದು.

ಹೃದ್ರೋಗ, ಮೂರ್ಛೆರೋಗ, ಕಣ್ಣಿನ ಒತ್ತಡದ ಕಾಯಿಲೆ, ಮೂತ್ರ ಕಟ್ಟುವ ತೊಂದರೆ ಇರುವ ನಾಯಿಗೂ, ಗಬ್ಬದ ನಾಯಿಗೂ, ಮರಿಗೆ ಹಾಲುಣಿಸುವ ನಾಯಿಗೂ ಸ್ವಂತ ತೀರ್ಮಾನದಿಂದ ಕೊಡಬಾರದು. ಉಣ್ಣೆಗೆಂದು ಅಮಿಟ್ರಾಜ್ ದ್ರಾವಣದಿಂದ ಮೈ ತೊಳೆದಿದ್ದರೆ ಅದರಿಂದಲೂ ಮಂಪರು ಬರುವುದರಿಂದ ಎರಡೂ ಕೂಡಿ ಹೆಚ್ಚಾಗುತ್ತದೆ. ಈ ವಿಷಯವನ್ನು ವೈದ್ಯರಿಗೆ ತಿಳಿಸಬೇಕು.

ಕೊಡುವ ಬಗೆ

ರಾಗಿ ಮುದ್ದೆಯ ನೆಲ್ಲಿಕಾಯಿ ಗಾತ್ರದ ಉಂಡೆಯೊಳಗೆ ಮಾತ್ರೆಯನ್ನು ಅಡಗಿಸಿ ಕೊಟ್ಟರೆ ಹಳ್ಳಿಯ ನಾಯಿ ಅಗಿಯದೆ ನುಂಗುತ್ತದೆ. ಮೊದಲು ಬರಿಯ ಉಂಡೆ ಒಂದು, ಆಮೇಲೆ ಮಾತ್ರೆಯ ಉಂಡೆ, ಕೊನೆಗೆ ಮತ್ತೊಂದು ಬರಿಯ ಉಂಡೆ ಎಂಬ ಕ್ರಮ ಸಂಶಯದ ನಾಯಿಗೂ ನಡೆಯುತ್ತದೆ. ಒಣದ್ರಾಕ್ಷಿ, ಚಾಕೊಲೇಟಿನಲ್ಲಿ ಇಟ್ಟು ಕೊಡಬಾರದು, ಅವು ನಾಯಿಗೆ ವಿಷ.

ನಾಯಿ ನುಂಗಲಾರದೆ ಜೊಲ್ಲು ಸುರಿಸುತ್ತಿದ್ದರೆ, ದವಡೆ ಜೋತಿದ್ದರೆ, ಬೊಗಳುವ ಸ್ವರ ಒಡೆದಂತಿದ್ದರೆ, ಕಾರಣವಿಲ್ಲದೆ ಕಚ್ಚಲು ಬಂದರೆ ಅಥವಾ ಕತ್ತಲಲ್ಲಿ ಅವಿತುಕೊಂಡರೆ ಮಾತ್ರೆ ಹಾಕಲೆಂದಾಗಲಿ, ಗಂಟಲಲ್ಲಿ ಮೂಳೆ ಸಿಕ್ಕಿದೆಯೇ ಎಂದು ನೋಡಲೆಂದಾಗಲಿ ಬಾಯೊಳಗೆ ಕೈ ಹಾಕಕೂಡದು. ಇವು ಹುಚ್ಚುನಾಯಿ ರೋಗದ ಲಕ್ಷಣಗಳು. ಈ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಮನುಷ್ಯನಿಗಾಗಲಿ ಪ್ರಾಣಿಗಾಗಲಿ ಬದುಕುವ ಆಸೆ ಇಲ್ಲವೆಂದೇ ಹೇಳಬೇಕು. ಜೊಲ್ಲು ಗಾಯಕ್ಕೆ ತಗುಲಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ಬೀಡಾಡಿ ನಾಯಿಗಳೊಡನೆ ಬೆರೆಯುವ ಹೊಲದ ನಾಯಿಗೆ ಮೂರು ತಿಂಗಳ ವಯಸ್ಸಿನಲ್ಲಿ ಮೊದಲ ಲಸಿಕೆ, ಆಮೇಲೆ ಪ್ರತಿ ವರ್ಷ ತಪ್ಪದೆ ಹಾಕಿಸತಕ್ಕದ್ದು.

ಮಾತ್ರೆಯಿಂದ ಒಂದೆರಡು ದಿನದಲ್ಲಿ ಗುಣ ಕಾಣದಿದ್ದರೆ ಪ್ರಮಾಣ ಹೆಚ್ಚಿಸಬಾರದು, ಕಾರಣ ಬೇರೆಯೆಂದು ತಿಳಿಯಬೇಕು. ಬಹುಕಾಲದ ಚರ್ಮದ ಅಲರ್ಜಿಯಲ್ಲಿ ಈ ಮಾತ್ರೆಗಳಿಂದ ಪೂರ್ತಿ ಗುಣ ಕಾಣುವ ನಾಯಿಗಳು ಕಡಿಮೆ ಎಂಬುದು ಪಶುವೈದ್ಯರ ಅನುಭವ. ಅಂಥವುಗಳಿಗೆ ಬೇರೆ ಔಷಧಿಗಳಿವೆ.

ನಾಯಿ ಪಟ್ಟಿಯನ್ನೇ ಕಚ್ಚಿ ಹಲವು ಮಾತ್ರೆಗಳನ್ನು ನುಂಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಪದ್ಧತಿಯನ್ನು ಅನುಸರಿಸಬಾರದು, ಹೆಚ್ಚು ಉಪ್ಪು ತಾನೇ ನಾಯಿಗೆ ವಿಷವಾಗುತ್ತದೆ. ತಡಮಾಡದೆ ತಾಲ್ಲೂಕು ಪಶು ಆಸ್ಪತ್ರೆಗೆ ಕರೆದೊಯ್ಯಬೇಕು, ಅಥವಾ ಸಂಚಾರಿ ಪಶು ಚಿಕಿತ್ಸಾ ಘಟಕದ 1962 ಸಂಖ್ಯೆಗೆ ಕರೆಮಾಡಿ ಸಲಹೆ ಕೇಳಬೇಕು. ಹೋಗುವಾಗ ಹರಿದ ಪಟ್ಟಿಯನ್ನು, ಉಳಿದ ಮಾತ್ರೆಗಳನ್ನು ಜೊತೆಗೊಯ್ಯಬೇಕು. ನಾಯಿಯ ತೂಕ, ಎಷ್ಟು ಮಾತ್ರೆ ಹೋಗಿರಬಹುದು, ಎಷ್ಟು ಹೊತ್ತಾಯಿತು, ಮೈಗೆ ಏನಾದರೂ ಹಚ್ಚಿದ್ದಿರಾ ಎಂಬ ನಾಲ್ಕು ಪ್ರಶ್ನೆಗಳನ್ನು ವೈದ್ಯರು ಕೇಳುತ್ತಾರೆ. ಹೊಗೆಸೊಪ್ಪಿನ ನೀರು ಹಚ್ಚಿದ್ದರೆ ನಾಚಿಕೆಪಡದೆ ಹೇಳಬೇಕು.